ಮೈ ಜುಮ್ಮೆಂದದ್ದು ಎಲ್ಲಿ?

ಎಂ.ಎ. ಮೊದಲ ವರ್ಷದಲ್ಲಿ ನಮಗೊಂದು ಅಸೈನ್‌ಮೆಂಟ್ ಕೊಟ್ಟಿದ್ದರು. ಒಂದು ಸಂಗೀತ ಕಛೇರಿ ಕೇಳಬೇಕು, ಒಂದು ಪೇಂಟಿಂಗ್ ನೋಡಬೇಕು, ಒಂದು ಸಿನಿಮಾ ನೋಡಬೇಕು. ಮೂರರ ಬಗ್ಗೆಯೂ ‘ನಿಮಗೆ ಏನನ್ನಿಸಿತು’ ಅಂತ ಎರಡೆರಡು ಪುಟ ಬರೆಯಬೇಕು. ಇದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ ಅಂದುಕೊಂಡೆ. ಅನ್ನಿಸಿದ್ದಕ್ಕೆ ತಪ್ಪು ಸರಿ ಎಲ್ಲಿಂದ ಬರಬೇಕು? ಮಂಡ್ಯದಿಂದ ಮೈಸೂರಿಗೆ ಬರುವ ಬೆಳಗಿನ ರೈಲಿನಲ್ಲಿ ಕೂತು ಬರೆಯತೊಡಗಿದೆ. ಪಾಂಡವಪುರ ದಾಟುವಷ್ಟರಲ್ಲಿ ಸಂಗೀತದ ಎರಡು ಪುಟ ಮುಗಿದಿತ್ತು.

ನೋಟ್‌ಬುಕ್ ವಾಪಸ್ ಬಂತು. ‘ವೀಣಾವಾದನ ನನ್ನ ಮನಸೂರೆಗೊಂಡಿತು’ ಎಂಬಲ್ಲಿ ಕೆಂಪು ಗೆರೆ. ‘ಬೇರೊಂದು ಭಾವಲೋಕಕ್ಕೆ ಕರೆದೊಯ್ದಿತು’ ಎಂಬಲ್ಲಿ ಕೆಂಪು ಗೆರೆ. ‘ಮಂತ್ರಮುಗ್ಧನಾದೆ’ ಎಂಬುದಕ್ಕೆ ಎರಡು ಗೆರೆ. ಅಂಚಿನಲ್ಲಿ ಮೇಡಂ ಒಂದೇ ಪದ ಬರೆದಿದ್ದರು: ‘ಎಲ್ಲಿ?’

ನಾನು ಮುಗ್ಧವಾಗಿ ಪಕ್ಕದಲ್ಲೇ ಉತ್ತರ ಬರೆದು ಕೊಟ್ಟೆ: ‘ಒಂಟಿಕೊಪ್ಪಲು 8ನೇ ಕ್ರಾಸ್, ಗಣೇಶನ ಚಪ್ಪರ’. ಮೇಡಂ ಸ್ಟಾಫ್ ರೂಮಿನಲ್ಲಿ ಕೂತವರು ಜೋರಾಗಿ ನಕ್ಕರು. “ಅಡ್ರೆಸ್ ಕೇಳಲಿಲ್ಲ ಕಣಪ್ಪ. ಕಛೇರಿ ಎರಡೂವರೆ ಗಂಟೆ ನಡೆದಿದೆ. ಅಷ್ಟೂ ಹೊತ್ತು ನೀನು ಮಂತ್ರಮುಗ್ಧನಾಗಿ ಇದ್ಯಾ? ಮಧ್ಯೆ ಫೋನ್ ನೋಡಲಿಲ್ವಾ? ಆಕಳಿಸಲಿಲ್ವಾ? ಮೈ ಜುಮ್ಮೆಂದದ್ದು ಯಾವ ಕ್ಷಣದಲ್ಲಿ, ಅದನ್ನು ಹೇಳು.”

ಹೇಳೋಕೆ ಆಗಲಿಲ್ಲ. ಕಛೇರಿ ಚೆನ್ನಾಗಿತ್ತು ಅನ್ನೋದು ಸುಳ್ಳಲ್ಲ. ಆದರೆ ನಾನು ಬರೆದ ಒಂದು ವಾಕ್ಯವೂ ಆ ಕಛೇರಿಯದ್ದಲ್ಲ. ಅವು ಆಹ್ವಾನ ಪತ್ರಿಕೆಯಿಂದಲೋ, ಪೇಪರಿನ ವರದಿಯಿಂದಲೋ ಬಂದು ನನ್ನ ಪೆನ್ನಿನಲ್ಲಿ ಕೂತಿದ್ದ ವಾಕ್ಯಗಳು. ಯಾವ ಕಛೇರಿಗೆ ಅಂಟಿಸಿದರೂ ಅಂಟುತ್ತವೆ.

ಮೇಡಂ ‘ಯಾಕೆ ಇಷ್ಟ ಆಯ್ತು’ ಅಂತ ಕೇಳಲಿಲ್ಲ, ಗಮನಿಸಿ. ಎಲ್ಲರೂ ಕೇಳುವುದು ಅದನ್ನೇ. ‘ಎಲ್ಲಿ’ ಮತ್ತು ‘ಯಾಕೆ’ ನಡುವಿನ ವ್ಯತ್ಯಾಸ ಅವತ್ತು ನನಗೆ ಹೊಳೆಯಲಿಲ್ಲ. ಆಮೇಲೆ ಮನಃಶಾಸ್ತ್ರ ಓದುವ ಗೆಳೆಯನೊಬ್ಬ ಒಂದು ಪ್ರಯೋಗದ ಬಗ್ಗೆ ಹೇಳಿದ. 1993ರಲ್ಲಿ ಪ್ರಕಟವಾದದ್ದು. ಅಮೆರಿಕದ ಟಿಮೊಥಿ ವಿಲ್ಸನ್ ಮತ್ತು ಜೊತೆಗಾರರು ಕಾಲೇಜು ವಿದ್ಯಾರ್ಥಿಗಳ ಮುಂದೆ ಕೆಲವು ಪೋಸ್ಟರ್ ಇಟ್ಟರು. ಕೆಲವು ದೊಡ್ಡ ಕಲಾವಿದರ ಚಿತ್ರಗಳು, ಕೆಲವು ಪ್ರಾಣಿಗಳ ತಮಾಷೆ ಪೋಸ್ಟರ್‌ಗಳು. ಬೇಕಾದ್ದನ್ನು ಮನೆಗೆ ಒಯ್ಯಬಹುದು. ಅರ್ಧ ಜನರಿಗೆ ಮಾತ್ರ, ಯಾವುದು ಯಾಕೆ ಇಷ್ಟ, ಯಾಕೆ ಇಷ್ಟವಿಲ್ಲ ಅಂತ ಕಾರಣ ಬರೆಯಿರಿ ಎಂದರು. ಕಾರಣ ಬರೆದವರು ತಮಾಷೆಯ ಪೋಸ್ಟರ್ ಕಡೆಗೆ ಜಾಸ್ತಿ ವಾಲಿದರು. ಕೆಲವು ವಾರ ಬಿಟ್ಟು ವಿಚಾರಿಸಿದಾಗ, ತಾವು ಒಯ್ದದ್ದರ ಬಗ್ಗೆ ಅವರಿಗೇ ಸಮಾಧಾನ ಕಡಿಮೆ ಇತ್ತು. ಸುಮ್ಮನೆ ಆರಿಸಿಕೊಂಡವರು ಹೆಚ್ಚು ಖುಷಿಯಾಗಿದ್ದರು.

ಯಾಕೆ ಹೀಗೆ? ಕಾರಣ ಕೇಳಿದ ತಕ್ಷಣ ನಾವು ಬಾಯಿಗೆ ಸುಲಭವಾಗಿ ಸಿಗುವ ಕಾರಣ ಹುಡುಕುತ್ತೇವೆ. ‘ಬೆಕ್ಕು ಮುದ್ದಾಗಿದೆ, ನಗು ಬರುತ್ತದೆ’ ಎಂದು ಹೇಳುವುದು ಸುಲಭ. ನೀರಿನ ಮೇಲೆ ಬಿದ್ದ ನೀಲಿ ಬಣ್ಣ ಎದೆಯೊಳಗೆ ಏನು ಮಾಡಿತು ಎಂದು ಹೇಳುವುದು ಕಷ್ಟ. ಹೇಳಲು ಬಂದದ್ದೇ ನಮ್ಮ ಇಷ್ಟ ಅಂತ ನಾವೇ ನಂಬಿಬಿಡುತ್ತೇವೆ. ‘ಎಲ್ಲಿ’ ಎಂಬ ಪ್ರಶ್ನೆಗೆ ಈ ತೊಂದರೆ ಇಲ್ಲ. ಅದು ನಮ್ಮನ್ನು ವಾಪಸ್ ಹಾಡಿನ ಹತ್ತಿರಕ್ಕೆ, ಬಣ್ಣದ ಹತ್ತಿರಕ್ಕೆ ಕಳಿಸುತ್ತದೆ. ಬೆರಳಿಟ್ಟು ತೋರಿಸು ಅನ್ನುತ್ತದೆ. ಬೆರಳು ಇಟ್ಟ ಮೇಲೆ ‘ಯಾಕೆ’ ತಾನಾಗಿಯೇ ಹಿಂದೆ ಬರುತ್ತದೆ. ಅಲ್ಲಿವರೆಗೆ ಅದನ್ನು ಹೊರಗೆ ನಿಲ್ಲಿಸಿರುವುದೇ ವಾಸಿ.

ದೀಪದ ಹುಡುಗಿ

ಪೇಂಟಿಂಗ್‌ಗೆ ನಾನು ಹೋದದ್ದು ಜಗನ್ಮೋಹನ ಅರಮನೆಗೆ. ಮೈಸೂರಿನವರಿಗೆ ಇದನ್ನು ಪರಿಚಯ ಮಾಡಿಕೊಡುವ ಅಗತ್ಯ ಇಲ್ಲ. 1861ರಲ್ಲಿ ಕಟ್ಟಿದ ಅರಮನೆ, 1915ರಿಂದ ಆರ್ಟ್ ಗ್ಯಾಲರಿ. ಒಳಗೆ ರಾಜಾ ರವಿವರ್ಮನ ಚಿತ್ರಗಳಿವೆ. ಆದರೆ ಶಾಲೆಯ ಪ್ರವಾಸದಲ್ಲಿ ಬಂದ ಮಕ್ಕಳೂ ಊರಿಗೆ ಹೋಗಿ ಹೇಳುವುದು ಒಂದೇ ಚಿತ್ರದ ಬಗ್ಗೆ. ಕೈಯಲ್ಲಿ ದೀಪ ಹಿಡಿದು ನಿಂತ ಹೆಂಗಸಿನ ಚಿತ್ರ. ಇದನ್ನು ರವಿವರ್ಮನದು ಅಂತ ಹೇಳುವವರು ನನ್ನ ಕ್ಲಾಸಿನಲ್ಲೇ ಐದಾರು ಜನ ಇದ್ದರು. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ಚಿತ್ರ ಬರೆದದ್ದು 1940ರ ದಶಕದಲ್ಲಿ, ಎಸ್.ಎಲ್. ಹಳದಣಕರ್ ಎಂಬ ಮರಾಠಿ ಕಲಾವಿದ. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಆಕೆ ನೂರು ದಾಟಿ ಬದುಕಿ 2018ರಲ್ಲಿ ತೀರಿಕೊಂಡರು.

ನನ್ನ ಮೊದಲ ಡ್ರಾಫ್ಟಿನಲ್ಲಿ ಇಷ್ಟೇ ಇತ್ತು. ಇದರ ಜೊತೆಗೆ ‘ದೀಪದ ಬೆಳಕು ಜೀವಂತವಾಗಿದೆ’ ಎಂಬ ಒಂದು ಸಾಲು. ಅಂಚಿನಲ್ಲಿ ಮತ್ತೆ ‘ಎಲ್ಲಿ?’

ಹಾಗಾಗಿ ಇನ್ನೊಮ್ಮೆ ಹೋದೆ. ಈ ಸಲ ಟಿಕೆಟ್ ತಗೊಂಡು ನೇರ ಆ ಚಿತ್ರದ ಮುಂದೆ ನಿಂತೆ. ನ್ಯೂಯಾರ್ಕಿನ ದೊಡ್ಡ ಮ್ಯೂಸಿಯಂ ಒಂದರಲ್ಲಿ ಜನ ಒಂದೊಂದು ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಲೆಕ್ಕ ಹಾಕಿ 2001ರಲ್ಲಿ ಪ್ರಕಟಿಸಿದ್ದರು. ಸರಾಸರಿ 27 ಸೆಕೆಂಡ್. ನಾನು ಮೊದಲ ಸಲ ಅಷ್ಟೂ ನಿಂತಿರಲಿಕ್ಕಿಲ್ಲ. ಈಗ ಹತ್ತು ನಿಮಿಷ ನಿಂತೆ. ಹಿಂದೆ ಬಂದವರು ಫೋಟೋ ತೆಗೆಯಬಾರದಾ ಅಂತ ಗೊಣಗಿಕೊಂಡು ಮುಂದೆ ಹೋದರು.

ಐದು ನಿಮಿಷದ ಮೇಲೆ ಗೊತ್ತಾಯಿತು. ನಾನು ದೀಪವನ್ನು ನೋಡುತ್ತಲೇ ಇಲ್ಲ. ನನ್ನ ಕಣ್ಣು ಮತ್ತೆ ಮತ್ತೆ ಹೋಗುತ್ತಿದ್ದದ್ದು ಅವಳ ಬೆರಳುಗಳಿಗೆ. ದೀಪಕ್ಕೆ ಅಡ್ಡ ಹಿಡಿದ ಕೈ ಅದು. ಬೆರಳ ಸಂದಿಯಲ್ಲಿ, ಬೆರಳ ಅಂಚಿನಲ್ಲಿ ಕೆಂಪು. ರಕ್ತದ ಮೂಲಕ ಹಾದು ಬಂದ ಬೆಳಕಿನ ಕೆಂಪು. ಚಿಕ್ಕವರಿದ್ದಾಗ ಟಾರ್ಚಿನ ಮೇಲೆ ಅಂಗೈ ಇಟ್ಟುಕೊಂಡು ನೋಡಿದ್ದೀರಲ್ಲ, ಅದೇ ಕೆಂಪು. ನನ್ನ ಮೈ ಜುಮ್ಮೆಂದದ್ದು ಅಲ್ಲಿ.

ಬೆರಳಿಟ್ಟ ಮೇಲೆ ‘ಹೇಗೆ’ ಎಂಬುದು ಶುರುವಾಯಿತು. ಇದು ಜಲವರ್ಣ. ಜಲವರ್ಣದಲ್ಲಿ ಬೆಳಕು ಅಂದರೆ ಕಾಗದವೇ. ಎಣ್ಣೆಬಣ್ಣದವರು ಕಪ್ಪಿನ ಮೇಲೆ ಬಿಳಿ ಬಳಿದು ಹೊಳಪು ತರಬಹುದು. ಜಲವರ್ಣದವರಿಗೆ ಸಾಮಾನ್ಯವಾಗಿ ಆ ದಾರಿ ಇಲ್ಲ. ಎಲ್ಲಿ ಬೆಳಕು ಬೇಕೋ ಅಲ್ಲಿ ಬಣ್ಣ ತೆಳ್ಳಗೆ ಹಾಕಬೇಕು, ಸುತ್ತ ಕತ್ತಲು ಕಟ್ಟಿಕೊಂಡು ಬರಬೇಕು. ಒಮ್ಮೆ ಕತ್ತಲು ಹರಿದು ಬೆಳಕಿನ ಜಾಗಕ್ಕೆ ಬಂದರೆ ತಿದ್ದುವುದು ಬಹಳ ಕಷ್ಟ. ಕಾಗದ ತಾನಾಗಿ ಹೊಳೆಯುವುದಿಲ್ಲ, ಅಲ್ವಾ? ಹೊಳೆಯುತ್ತಿದೆ ಅಂತ ನಮ್ಮ ಕಣ್ಣು ತೀರ್ಮಾನ ಮಾಡುತ್ತದೆ. ಕಣ್ಣು ಯಾವ ಬಣ್ಣವನ್ನೂ ಒಂಟಿಯಾಗಿ ಅಳೆಯುವುದಿಲ್ಲ, ಪಕ್ಕದ್ದರ ಜೊತೆ ತೂಗಿ ನೋಡುತ್ತದೆ. ಅದೇ ಹಳದಿಯನ್ನು ಬಿಳಿ ಗೋಡೆಯ ಪಕ್ಕ ಇಟ್ಟರೆ ಮಂಕು, ಕಡುಗಂದಿನ ಪಕ್ಕ ಇಟ್ಟರೆ ಉರಿಯುವ ಬತ್ತಿ. ಆ ಚಿತ್ರವನ್ನು ಸುತ್ತ ಕತ್ತಲು ಮಾಡಿ ತೋರಿಸುವುದೂ ಇದಕ್ಕೇ. ನಮ್ಮ ಕಣ್ಣಿನ ಪಾಪೆ ಹಿಗ್ಗಿದಷ್ಟೂ ಆ ಬೆಳಕಿಗೆ ಬಲ ಬರುತ್ತದೆ.

ಇಷ್ಟು ಚಿತ್ರದ ಕಡೆಯಿಂದ. ನನ್ನ ಕಡೆಯಿಂದಲೂ ಒಂದಿಷ್ಟು ಇತ್ತು. ಊರಿನಲ್ಲಿ ಕರೆಂಟ್ ಹೋದಾಗ ಅಜ್ಜಿ ಅಡುಗೆಮನೆಯಿಂದ ನಡುಮನೆಗೆ ಬುಡ್ಡಿ ತರುತ್ತಿದ್ದದ್ದು ಹೀಗೇ. ಬರುವಾಗ ಅವಳ ಮುಖ ಕಾಣುತ್ತಿರಲಿಲ್ಲ. ಮೊದಲು ಕಾಣುತ್ತಿದ್ದದ್ದು ಕೆಂಪಗಿನ ಬೆರಳು. ಮೈಸೂರಿನ ಅಪಾರ್ಟ್‌ಮೆಂಟಿನಲ್ಲಿ ಯುಪಿಎಸ್ ಜೊತೆ ಬೆಳೆದ ನನ್ನ ಗೆಳತಿಗೆ ಈ ನೆನಪಿಲ್ಲ. ಅವಳಿಗೆ ಮೈ ಜುಮ್ಮೆಂದದ್ದು ಹಿಂದಿನ ಗೋಡೆಯ ಮೇಲಿನ ನೆರಳಿನಲ್ಲಿ. ಅವಳು ಅದೇ ಕೆಲಸಕ್ಕೆ ಎರಡು ಪುಟ ನೆರಳಿನ ಬಗ್ಗೆ ಬರೆದಳು, ನನಗಿಂತ ಚೆನ್ನಾಗಿ. ಇಬ್ಬರೂ ನೋಡಿದ್ದು ಒಂದೇ ಚಿತ್ರ. ಎರಡೂ ಚಿತ್ರದಲ್ಲಿ ಇದ್ದದ್ದೇ.

ರಷ್ಯಾದ ವಿಜ್ಞಾನಿ ಯಾರ್ಬಸ್ ಇದನ್ನು ಅಳೆದು ತೋರಿಸಿದ್ದಾನೆ. ಮನೆಗೆ ಅನಿರೀಕ್ಷಿತವಾಗಿ ಒಬ್ಬ ವಾಪಸ್ ಬಂದ ಚಿತ್ರವೊಂದನ್ನು ಜನರ ಮುಂದಿಟ್ಟು, ಅವರ ಕಣ್ಣು ಎಲ್ಲೆಲ್ಲಿ ಓಡುತ್ತದೆ ಎಂದು ಯಂತ್ರ ಇಟ್ಟು ದಾಖಲಿಸಿದ. ‘ಇವರ ವಯಸ್ಸೆಷ್ಟು’ ಎಂದು ಕೇಳಿದರೆ ಕಣ್ಣು ಮುಖಗಳ ಮೇಲೆ ಓಡಿತು. ‘ಇವರು ಎಷ್ಟು ಅನುಕೂಲವಂತರು’ ಎಂದು ಕೇಳಿದರೆ ಬಟ್ಟೆ, ಮನೆಯ ಸಾಮಾನುಗಳ ಕಡೆಗೆ ಓಡಿತು. ಅವನ ಪುಸ್ತಕ ಇಂಗ್ಲಿಷಿಗೆ ಬಂದದ್ದು 1967ರಲ್ಲಿ. ನಾವು ಯಾವ ಪ್ರಶ್ನೆ ಹೊತ್ತುಕೊಂಡು ಬರುತ್ತೇವೋ ಆ ಚಿತ್ರ ನಮಗೆ ಕಾಣುತ್ತದೆ. ಏನೂ ಪ್ರಶ್ನೆ ಇಲ್ಲದೆ ಬಂದರೆ ಚಿತ್ರದ ಹೆಸರು ಬರೆದ ಚೀಟಿ ಕಾಣುತ್ತದೆ.

ಸಾ ಎಲ್ಲಿದೆ?

ಸಂಗೀತದ ತೊಂದರೆ ಬೇರೆ. ಪೇಂಟಿಂಗ್ ಕಾಯುತ್ತದೆ, ಹಾಡು ಕಾಯುವುದಿಲ್ಲ. ಬೆರಳಿಡುವಷ್ಟರಲ್ಲಿ ಮುಂದೆ ಹೋಗಿರುತ್ತದೆ. ಇದಕ್ಕೆ ನಾನು ಮಾಡಿದ್ದು ಒಂದು ಸಣ್ಣ ಉಪಾಯ. ಮುಂದಿನ ಕಛೇರಿಗೆ ಹೋಗುವಾಗ ಜೇಬಿನಲ್ಲಿ ಒಂದು ಚೀಟಿ, ಪೆನ್ಸಿಲ್. ಮೈಗೆ ಏನಾದರೂ ಆದರೆ ಟೈಮ್ ಮತ್ತು ಒಂದು ಪದ ಬರೆಯುವುದು, ಅಷ್ಟೇ. ಮನಸ್ಸಿಗೆ ಅಲ್ಲ, ಮೈಗೆ. ಮನಸ್ಸು ಬೇಗ ಸುಳ್ಳು ಹೇಳುತ್ತದೆ.

ಇದು ನನ್ನ ಕಂಡುಹಿಡಿತ ಅಂದುಕೊಂಡು ಬೀಗಿದ್ದೆ. ಭರತನ ನಾಟ್ಯಶಾಸ್ತ್ರದಲ್ಲಿ ಎಂಟು ಸಾತ್ತ್ವಿಕ ಭಾವಗಳ ಪಟ್ಟಿ ಇದೆ. ಮರಗಟ್ಟಿ ನಿಲ್ಲುವುದು, ಬೆವರುವುದು, ರೋಮಾಂಚ, ದನಿ ಒಡೆಯುವುದು, ನಡುಕ, ಬಣ್ಣಗೆಡುವುದು, ಕಣ್ಣೀರು, ಮೂರ್ಛೆ. ಎಲ್ಲವೂ ಮೈಯ ಲೆಕ್ಕವೇ. ಅಲ್ಲಿ ಅದು ನಟರಿಗೆ ಹೇಳಿದ ಮಾತು. ಆದರೆ ಚಪ್ಪರದಲ್ಲಿ ಕೂತವರ ಮೈಗೂ ಆಗುವುದು ಇದೇ.

ನನ್ನ ಚೀಟಿಯಲ್ಲಿ ಅವತ್ತು ಬರೆದದ್ದು: ‘7.40, ನಿ’. ವಿದುಷಿಯೊಬ್ಬರು ವೀಣೆಯಲ್ಲಿ ಹಿಂದೋಳ ರಾಗದ ಆಲಾಪನೆ ಮಾಡುತ್ತಿದ್ದರು, ಅಂದರೆ ತಾಳವಿಲ್ಲದೆ ರಾಗವನ್ನು ನಿಧಾನಕ್ಕೆ ಬಿಡಿಸುತ್ತಿದ್ದರು. ಮೃದಂಗದವರು ಸುಮ್ನೆ ಕೂತಿದ್ದರು. ಮೇಲಿನ ಷಡ್ಜದ, ಅಂದರೆ ‘ಸಾ’ ಸ್ವರದ, ಹೊಸ್ತಿಲವರೆಗೂ ಬಂದು, ಅದರ ಕೆಳಗಿನ ನಿಷಾದದ, ಅಂದರೆ ‘ನಿ’ಯ ಮೇಲೆ ನಿಂತು, ತಂತಿಯನ್ನು ಪಕ್ಕಕ್ಕೆ ಎಳೆದು ಜಗ್ಗಿ, ಇನ್ನೇನು ಒಳಗೆ ಕಾಲಿಟ್ಟರು ಅನ್ನುವಾಗ ವಾಪಸ್ ಇಳಿದುಬಿಟ್ಟರು. ಮತ್ತೆ ಬಂದರು, ಮತ್ತೆ ಇಳಿದರು. ಮೂರನೇ ಸಲಕ್ಕೆ ಸಾ ಮುಟ್ಟಿದರು, ಅದೂ ಮೆಲ್ಲಗೆ, ಮಲಗಿದ ಮಗುವಿನ ಹಣೆ ಮುಟ್ಟುವ ಹಾಗೆ. ಕೈಯ ಕೂದಲು ನೆಟ್ಟಗಾಯಿತು. ಆದರೆ ಸಾ ಮುಟ್ಟಿದಾಗಲ್ಲ. ಅದಕ್ಕೂ ಒಂದು ಉಸಿರು ಮೊದಲು.

ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿ ನೆನಪಾಗುತ್ತದೆ. ಯಾವ ಹಾಡು ಕೇಳಿದರೆ ನಿಮಗೆ ರೋಮಾಂಚ ಆಗುತ್ತದೋ ಅದನ್ನೇ ತನ್ನಿ ಎಂದು ಜನರನ್ನು ಕರೆದು, ಅದನ್ನು ಕೇಳಿಸಿ ಮೆದುಳಿನ ಸ್ಕ್ಯಾನ್ ಮಾಡಿದರು. ಡೋಪಮಿನ್ ಎಂಬ ರಾಸಾಯನಿಕ ಎರಡು ಜಾಗದಲ್ಲಿ ಒಸರಿತು. ರೋಮಾಂಚದ ಕ್ಷಣದಲ್ಲಿ ಒಂದು ಕಡೆ. ಅದಕ್ಕೆ ಮುಂಚಿನ, ‘ಬರುತ್ತೆ, ಈಗ ಬರುತ್ತೆ’ ಅನ್ನುವ ಕಾಯುವಿಕೆಯಲ್ಲಿ ಇನ್ನೊಂದು ಕಡೆ. ಅಂದರೆ ಕಾಯುವುದಕ್ಕೇ ಬೇರೆ ಸುಖ ಇದೆ. ಒಳ್ಳೆ ವಾದಕರಿಗೆ ಇದು ಯಾವ ಯಂತ್ರವೂ ಇಲ್ಲದೆ ಗೊತ್ತು.

ಆದರೆ ಕಾಯಬೇಕು ಅಂದರೆ ಏನು ಬರಬೇಕು ಅಂತ ಕಿವಿಗೆ ಗೊತ್ತಿರಬೇಕಲ್ಲ. ಹಾಡು ಇಷ್ಟವಾಗುವುದರಲ್ಲಿ ಕಲಿಕೆ ಬರುವುದು ಇಲ್ಲಿಯೇ. ಶಾಸ್ತ್ರ ಕಲಿಯಬೇಕು ಅಂತೇನಿಲ್ಲ, ಕೇಳಿ ಕೇಳಿ ಕಿವಿ ಪಳಗಿದರೆ ಸಾಕು.

ಮನೆಯಲ್ಲಿ ಕೀಬೋರ್ಡ್ ಇದ್ದರೆ ಒಂದು ಆಟ ಆಡಿ ನೋಡಿ. ಇಲ್ಲದಿದ್ದರೆ ಫೋನಿನ ಆ್ಯಪ್ ಆದರೂ ಆಗುತ್ತದೆ. ಕಪ್ಪು ಕೀಗಳು ಎರಡರ ಗುಂಪು, ಮೂರರ ಗುಂಪು ಅಂತ ಇರುತ್ತವೆ. ಬರೀ ಕಪ್ಪು ಕೀಗಳನ್ನೇ ಬಳಸಬೇಕು. ಮೂರರ ಗುಂಪಿನ ಮೊದಲನೆಯದನ್ನು ಸಾ ಅಂತ ಇಟ್ಟುಕೊಂಡು, ಅದೇ ಸ್ವರದ ಶ್ರುತಿ ಹಿನ್ನೆಲೆಯಲ್ಲಿ ಬಿಟ್ಟು, ಒಂದೊಂದಾಗಿ ಮೇಲೆ ಹೋಗಿ. ಮೋಹನ ರಾಗ. ಎಳೆಬಿಸಿಲಿನ ಹಾಗೆ ಹಿತವಾಗಿರುತ್ತದೆ. ಈಗ ಅವೇ ಐದು ಕೀ, ಆದರೆ ಮೂರರ ಗುಂಪಿನ ಕೊನೆಯದನ್ನು ಸಾ ಮಾಡಿ, ಶ್ರುತಿಯನ್ನೂ ಅಲ್ಲಿಗೆ ಬದಲಿಸಿ. ಹಿಂದೋಳ. ಗಂಭೀರ, ಸ್ವಲ್ಪ ಒಂಟಿ. ಮಧ್ಯದ್ದನ್ನು ಸಾ ಮಾಡಿದರೆ ಮಧ್ಯಮಾವತಿ, ಶುಭ ಅಂತ ಕಛೇರಿಯ ಕೊನೆಗೆ ನುಡಿಸುವ ರಾಗ. ಸಂಗೀತದವರು ಇದನ್ನು ಗ್ರಹಭೇದ ಅನ್ನುತ್ತಾರೆ. ಒಂದು ಕೀಯೂ ಬದಲಾಗಲಿಲ್ಲ. ಬದಲಾದದ್ದು ‘ಮನೆ ಎಲ್ಲಿ’ ಎಂಬುದು ಮಾತ್ರ. ರಾಗಕ್ಕೆ ಗಮಕ, ಸಂಚಾರ, ಜೀವಸ್ವರ ಅಂತ ಇನ್ನೂ ಬಹಳ ಇದೆ, ಬರೀ ಕೀ ಒತ್ತಿದರೆ ರಾಗ ಆಗುವುದಿಲ್ಲ ಎಂದು ವಿದ್ವಾಂಸರು ಬೈಯಬಹುದು. ನಿಜ. ಆದರೂ ಸಾ ಬದಲಾದರೆ ಅದೇ ಸ್ವರ ಬೇರೆ ಮಾತಾಡುತ್ತದೆ ಎಂದು ಕಿವಿಗೆ ಕೇಳಿಸಲು ಇಷ್ಟು ಸಾಕು.

ಕೇಳುವವರ ಕಥೆಯೂ ಹೀಗೇ. ನನ್ನ ಕಿವಿಯ ಮನೆ ವಾಲಗ, ತಮಟೆ, ಸೋಬಾನೆ ಪದ. ಕರ್ನಾಟಕ ಸಂಗೀತ ಆಮೇಲೆ ಬಂತು. ಹಾಗಾಗಿ ಚಪ್ಪರದಲ್ಲಿ ನನ್ನ ಪಕ್ಕ ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದ ಹಿರಿಯರಿಗೆ ಎಲ್ಲಿ ‘ಭಲೇ’ ಬಂತೋ ಅಲ್ಲಿ ನನಗೆ ಏನೂ ಆಗಲಿಲ್ಲ. ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನದಲ್ಲಿ ಮಾತ್ರ ನಾನು ಅವರಿಗಿಂತ ಮೊದಲೇ ತಲೆ ಆಡಿಸುತ್ತಿದ್ದೆ. ತಮಟೆಯ ಉಪಕಾರ!

ಮನೆ ಒಂದೇ ಇರಬೇಕು ಅಂತಲೂ ಇಲ್ಲ. ಜಯಚಾಮರಾಜ ಒಡೆಯರ್ ಅವರಿಗೆ ಮೊದಲ ಪ್ರೀತಿ ಪಾಶ್ಚಾತ್ಯ ಪಿಯಾನೋ. ಜರ್ಮನ್ ಸಂಗೀತಗಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಲ ಕೇಳಿಸಿದ್ದು ನಮ್ಮ ಮಹಾರಾಜರ ದುಡ್ಡಿನ ನೆರವಿನಿಂದ. ಅದೇ ಮನುಷ್ಯ ಮುಂದೆ ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದರು. ಒಂದೇ ಕಿವಿಯಲ್ಲಿ ಎರಡು ಸಾ.

ಯಾರ ಕಣ್ಣೀರು?

ಸಿನಿಮಾಕ್ಕೆ ಬಂದಾಗ ನಾನು ಹುಷಾರಾಗಿದ್ದೆ. ಎಲ್ಲಿ ಅಂತ ಕೇಳುವ ಮೊದಲೇ ಬರೆದುಕೊಂಡೆ. ಸಿನಿಮಾದ ಹೆಸರು ಬೇಡ, ಇಂಥ ಸೀನು ಹತ್ತು ಸಿನಿಮಾದಲ್ಲಿ ಸಿಗುತ್ತದೆ. ಮಗನ ಕಾಲೇಜು ಫೀಸಿಗೆ ಅಪ್ಪ ಪಂಚೆಯ ಗಂಟು ಬಿಚ್ಚಿ ಮುದುರಿದ ನೋಟು ಎಣಿಸಿ ಕೊಡುತ್ತಾನೆ. ಮಾತಿಲ್ಲ. ಟಾಕೀಸಿನ ಕತ್ತಲಲ್ಲಿ ಗೊಳೋ ಅಂತ ಅತ್ತೆ.

‘ಅಪ್ಪನ ಪಾತ್ರಧಾರಿಯ ಅಭಿನಯ ಕಣ್ಣೀರು ತರಿಸಿತು’ ಅಂತ ಬರೆದೆ. ಆಮೇಲೆ ಅನುಮಾನ ಬಂತು. ಆ ಸಿನಿಮಾ ಫೋನಿಗೆ ಬಂದಾಗ ಅದೇ ಸೀನನ್ನು ಮೂರು ಸಲ ನೋಡಿದೆ. ಒಮ್ಮೆ ಮಾಮೂಲಾಗಿ. ಒಮ್ಮೆ ಸೌಂಡ್ ಪೂರ್ತಿ ಆಫ್ ಮಾಡಿ. ಒಮ್ಮೆ ಕಣ್ಣು ಮುಚ್ಚಿಕೊಂಡು, ಬರೀ ಸೌಂಡ್. ಗೊತ್ತಾದದ್ದು ಇಷ್ಟು: ಅಪ್ಪನ ಮುಖ ಆ ಸೀನಿನಲ್ಲಿ ಹೆಚ್ಚು ಕಮ್ಮಿ ಏನೂ ಮಾಡುವುದಿಲ್ಲ. ಸೌಂಡ್ ಇಲ್ಲದೆ ನೋಡಿದರೆ ಯಾರೋ ಬಸ್ಸಿಗೆ ಕಾಯುತ್ತಿರುವ ಹಾಗಿದೆ. ನೋಟಿನ ಮುದುರಿನ ಕ್ಲೋಸಪ್, ಆಮೇಲೆ ಆ ಮುಖ, ಆಮೇಲೆ ಮಗನ ಹೊಸ ಬ್ಯಾಗು. ಈ ಮೂರನ್ನು ಪಕ್ಕ ಪಕ್ಕ ಇಟ್ಟಾಗ ದುಃಖ ಹುಟ್ಟುತ್ತದೆ. ಪಿಟೀಲು ನಾನು ಅಳುವುದಕ್ಕೆ ಮೂರ್ನಾಲ್ಕು ಸೆಕೆಂಡ್ ಮೊದಲೇ ಶುರುವಾಗಿರುತ್ತದೆ.

ಇದು ನೂರು ವರ್ಷದ ಹಳೆಯ ಗುಟ್ಟು. ರಷ್ಯಾದ ಲೆವ್ ಕುಲೆಶೊವ್ 1920ರ ಆಸುಪಾಸಿನಲ್ಲಿ ಒಬ್ಬ ನಟನ ನಿರ್ಭಾವದ ಮುಖವನ್ನು ತೆಗೆದುಕೊಂಡ. ಅದರ ಪಕ್ಕ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವದ ಪೆಟ್ಟಿಗೆ, ಒಮ್ಮೆ ಒಬ್ಬ ಹೆಂಗಸನ್ನು ಜೋಡಿಸಿದ. ನೋಡಿದವರು ನಟನ ಹಸಿವನ್ನು, ಶೋಕವನ್ನು, ಆಸೆಯನ್ನು ಹೊಗಳಿದರಂತೆ. ಮುಖ ಮೂರು ಕಡೆಯೂ ಒಂದೇ. ಆ ತುಣುಕು ಈಗ ಉಳಿದಿಲ್ಲ, ಕಥೆ ಉಳಿದಿದೆ. ಎಡಿಟಿಂಗ್ ಕಲಿಸುವಲ್ಲೆಲ್ಲ ಮೊದಲ ಪಾಠ ಇದೇ.

ಹಾಗಾದರೆ ನನ್ನ ಅಳು ಸುಳ್ಳಾ? ಮೋಸ ಹೋದೆನಾ? ನನಗೆ ಹಾಗನ್ನಿಸಲಿಲ್ಲ. ಸಾರಿಗೆ ಏನೇನು ಹಾಕಿದ್ದಾರೆ ಅಂತ ಗೊತ್ತಾದರೆ ರುಚಿ ಕೆಡುತ್ತದೆಯೇ? ಭರತ ಕೊಡುವ ಉದಾಹರಣೆಯೂ ಅಡುಗೆಯದೇ. ಬೇರೆ ಬೇರೆ ಸಾಮಾನು ಸೇರಿ ರುಚಿ ಹುಟ್ಟುವ ಹಾಗೆ, ವಿಭಾವ, ಅನುಭಾವ, ವ್ಯಭಿಚಾರಿ ಭಾವಗಳು ಸೇರಿ ರಸ, ಅಂದರೆ ನೋಡುವವರು ಸವಿಯುವ ಅನುಭವ, ಹುಟ್ಟುತ್ತದೆ ಅನ್ನುತ್ತಾನೆ. ಸುಲಭದಲ್ಲಿ ಹೇಳಬೇಕೆಂದರೆ, ಭಾವಕ್ಕೆ ಕಾರಣವಾದ ಜನ ಮತ್ತು ಸನ್ನಿವೇಶ ವಿಭಾವ. ಅದು ಮೈಮೇಲೆ ಕಾಣಿಸುವ ಬಗೆ ಅನುಭಾವ. ಮಧ್ಯೆ ಬಂದು ಹೋಗುವ ಸಣ್ಣಪುಟ್ಟ ಭಾವಗಳು, ನಾಚಿಕೆ, ಆತಂಕ, ಹೆಮ್ಮೆ ಇಂಥವು ವ್ಯಭಿಚಾರಿಗಳು. ಭರತ ಇವನ್ನು 33 ಎಂದು ಎಣಿಸಿದ್ದಾನೆ. ಬಸ್ಸಾರು ಬಾಯಿಗಿಟ್ಟಾಗ ಇದು ಜೀರಿಗೆ, ಇದು ಬೆಳ್ಳುಳ್ಳಿ ಅಂತ ಬೇರೆ ಮಾಡಿ ಹೇಳಲಾಗುವುದಿಲ್ಲ. ಒಂದು ಬಿಟ್ಟುಹೋಗಿದ್ದರೆ ಮಾತ್ರ ನಾಲಿಗೆ ಹೇಳುತ್ತದೆ.

ಇಲ್ಲಿ ಒಂದು ನಿಜವಾದ ತೊಡಕಿದೆ. ನಾನು ಅತ್ತದ್ದರಲ್ಲಿ ಅರ್ಧ ಆ ಸಿನಿಮಾದ್ದಲ್ಲ. ಕಬ್ಬಿನ ಬಿಲ್ಲು ಬಂದ ದಿನ ನಮ್ಮಪ್ಪನೂ ಹೀಗೇ ಮಾತಿಲ್ಲದೆ ದುಡ್ಡು ಎಣಿಸಿ ಕೊಟ್ಟಿದ್ದರು. ಬಿಲ್ಲು ಬರುವುದು ತಡವಾಗಿ, ಫೀಸಿನ ಕೊನೆಯ ದಿನಾಂಕ ಎರಡು ಸಲ ದಾಟಿತ್ತು. ಅದನ್ನೆಲ್ಲ ನೆನೆಸಿಕೊಂಡು ನನ್ನ ಎರಡು ಪುಟದಲ್ಲಿ ಒಂದೂವರೆ ಪುಟ ನಮ್ಮಪ್ಪನ ಬಗ್ಗೆಯೇ ಬರೆದೆ. ‘ವೈಯಕ್ತಿಕ ಪ್ರತಿಕ್ರಿಯೆ’ ಅಂದರೆ ಇದೇ ಅಲ್ಲವೇ?

ಸಾವಿರ ವರ್ಷದ ಹಿಂದೆ ಭರತನ ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಕಾಶ್ಮೀರದ ಅಭಿನವಗುಪ್ತ ‘ಅಲ್ಲ’ ಅನ್ನುತ್ತಾನೆ. ರಸಕ್ಕೆ ಏಳು ವಿಘ್ನಗಳಿವೆ ಎಂದು ಅವನು ಪಟ್ಟಿ ಮಾಡಿದ್ದಾನೆ. ಅದರಲ್ಲಿ ಒಂದು, ನೋಡುವವನು ತನ್ನ ಸ್ವಂತ ಸುಖದುಃಖದ ಕೈಗೆ ಸಿಕ್ಕಿಬಿಡುವುದು. ಇನ್ನೊಂದು, ಇದು ನನ್ನದು, ಇದು ಅವನದು ಅಂತ ಭಾವಕ್ಕೆ ಬೇಲಿ ಹಾಕುವುದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದ ಪ್ರೊ. ಎಂ. ಹಿರಿಯಣ್ಣ ಅವರೂ ಈ ದಾರಿಯಲ್ಲೇ ಬರೆದವರು. ಕಲೆಯ ಸುಖ ಲಾಭನಷ್ಟದ ಲೆಕ್ಕದಿಂದ ಹೊರಗಿನದು. ಅಷ್ಟು ಹೊತ್ತು ‘ನಾನು’ ಎಂಬುದು ಪಕ್ಕಕ್ಕೆ ಸರಿದಿರುತ್ತದೆ. ಆ ಸುಖ ಬಹಳ ಹೊತ್ತು ಉಳಿಯುವುದಿಲ್ಲ, ಆದರೆ ಇರುವಷ್ಟು ಹೊತ್ತು ದೊಡ್ಡದು. ಅವರ ವಿಚಾರದ ತಿರುಳು ಇದು.

ಇದನ್ನು ಓದಿ ಮೊದಲು ಸಿಟ್ಟು ಬಂತು. ನನ್ನ ಅಪ್ಪ ವಿಘ್ನವಾ? ಎರಡು ಮೂರು ದಿನ ತಲೆಯಲ್ಲಿ ಇಟ್ಟುಕೊಂಡು ಓಡಾಡಿದೆ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂದು ಸಂಜೆ ಹೊಳೆಯಿತು. ಬೆರಳಿನ ಕೆಂಪನ್ನು ನಾನು ಗುರುತಿಸಿದ್ದು ಅಜ್ಜಿಯ ನೆನಪಿನಿಂದ. ಆದರೆ ಗುರುತಿಸಿದ ಮೇಲೆ ನಾನು ಚಿತ್ರದಲ್ಲೇ ಉಳಿದೆ, ಇನ್ನೂ ಹತ್ತು ವಿಷಯ ಕಂಡೆ. ಸಿನಿಮಾದಲ್ಲಿ ಅಪ್ಪನ ನೆನಪು ಬಂದ ಮೇಲೆ ನಾನು ಪರದೆ ಬಿಟ್ಟು ಊರಿಗೆ ಹೋಗಿಬಿಟ್ಟೆ. ಆಮೇಲಿನ ಹತ್ತು ನಿಮಿಷದ ಸಿನಿಮಾ ನನಗೆ ನೆನಪೇ ಇಲ್ಲ! ನೆನಪು ಒಂದು ಕಡೆ ಕನ್ನಡಕ ಆಯಿತು, ಇನ್ನೊಂದು ಕಡೆ ಕಣ್ಣಿಗೆ ಕಟ್ಟಿದ ಬಟ್ಟೆ ಆಯಿತು. ಅಭಿನವಗುಪ್ತ ಬೇಡ ಅಂದದ್ದು ಎರಡನೆಯದನ್ನು ಅಂತ ನಾನು ಅಂದುಕೊಂಡಿದ್ದೇನೆ. ಮೊದಲನೆಯದು ಇಲ್ಲದಿದ್ದರೆ ಅವನು ಹೇಳುವ ಸಹೃದಯನೂ, ಅಂದರೆ ಕಲೆಗೆ ಮನಸ್ಸು ಮಿಡಿಯುವ ರಸಿಕನೂ, ಇರುವುದಿಲ್ಲ. ಪಂಡಿತರು ಒಪ್ಪುತ್ತಾರೋ ಇಲ್ಲವೋ.

ಒಂದೂವರೆ ಪುಟ ಹೊಡೆದು ಹಾಕಿದೆ. ಅಪ್ಪನ ಬಗ್ಗೆ ಎರಡು ಸಾಲು ಉಳಿಯಿತು. ಉಳಿದದ್ದು ನೋಟಿನ ಮುದುರಿನ ಬಗ್ಗೆ.

ಇನ್ನು, ಏನೂ ಅನ್ನಿಸದೇ ಇದ್ದರೆ? ಅದನ್ನೂ ಬರೆಯಬಹುದು ಅಂತ ಮೇಡಂ ಹೇಳಿದ್ದರು. ನನಗೆ ಮೈಸೂರು ಸಾಂಪ್ರದಾಯಿಕ ಶೈಲಿಯ ಚಿತ್ರಗಳು ಏನೂ ಹೇಳುತ್ತಿರಲಿಲ್ಲ. ದೇವರು, ಮಂಟಪ, ಚಿನ್ನ. ಎಲ್ಲವೂ ಒಂದೇ ಥರ. ಆ ಶೈಲಿ ಕಲಿತ ಸೀನಿಯರ್ ಒಬ್ಬಳು ಬಂದು, “ಅಲ್ಲಿ ನಿಂತು ಯಾಕೆ ನೋಡ್ತೀಯ, ಪಕ್ಕಕ್ಕೆ ಬಾ” ಅಂದಳು. ಈ ಚಿತ್ರಗಳಲ್ಲಿ ಒಡವೆ, ಸೀರೆಯ ಅಂಚು, ಕಂಬದ ಕೆತ್ತನೆ ಇವನ್ನೆಲ್ಲ ಮೊದಲು ಅಂಟಿನ ಲೇಪದಲ್ಲಿ ತೆಳ್ಳಗೆ ಉಬ್ಬಿಸಿ, ಮೇಲೆ ಚಿನ್ನದ ರೇಕು ಅಂಟಿಸುತ್ತಾರೆ. ತಂಜಾವೂರಿನ ಚಿತ್ರದಲ್ಲಿ ಉಬ್ಬು ದಪ್ಪ, ಕಲ್ಲುಗಳೂ ಇರುತ್ತವೆ. ಮೈಸೂರಿನದ್ದು ಮುಟ್ಟಿದರಷ್ಟೇ ತಿಳಿಯುವಷ್ಟು ಸಣ್ಣ. ಎದುರು ನಿಂತರೆ, ಅದೂ ಟ್ಯೂಬ್‌ಲೈಟಿನ ಕೆಳಗೆ, ಚಿನ್ನ ಹಳದಿ ಬಣ್ಣದ ಹಾಗೆ ಸತ್ತು ಬಿದ್ದಿರುತ್ತದೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಸಾಲು ಸಾಲಾಗಿ ಹೊತ್ತಿಕೊಳ್ಳುತ್ತದೆ. ಇವು ದೇವರಮನೆಯಲ್ಲಿ, ಅಲುಗಾಡುವ ದೀಪದ ಮುಂದೆ ಇರಲೆಂದು ಹುಟ್ಟಿದ ಚಿತ್ರಗಳು. ನಾನು ‘ಎಲ್ಲಿ’ ಅಂತ ಚಿತ್ರದೊಳಗೆ ಹುಡುಕುತ್ತಿದ್ದೆ. ನಾನು ಎಲ್ಲಿ ನಿಂತಿದ್ದೇನೆ ಅಂತ ನೋಡಿಕೊಂಡಿರಲಿಲ್ಲ.

ಈ ವರ್ಷ ದಸರಾ ರಜೆಯಲ್ಲಿ ಅಜ್ಜಿಯನ್ನು ಮೈಸೂರಿಗೆ ಕರೆದುಕೊಂಡು ಬಂದಿದ್ದೆ. ಅವಳಿಗೆ ಮಂಡಿ ನೋವು, ಆದರೂ ಜಗನ್ಮೋಹನದ ಮೆಟ್ಟಿಲು ಹತ್ತಿದಳು. ದೀಪದ ಹುಡುಗಿಯ ಮುಂದೆ ನಿಲ್ಲಿಸಿ, ನಾನು ಕಲಿತದ್ದನ್ನೆಲ್ಲ ಒಪ್ಪಿಸತೊಡಗಿದೆ. ಜಲವರ್ಣ, ಕಾಗದ, ಬೆರಳಿನ ಕೆಂಪು. ಅವಳು ನನ್ನ ಮಾತು ಕೇಳಿಸಿಕೊಳ್ಳುತ್ತಿರಲಿಲ್ಲ. ಚಿತ್ರವನ್ನೇ ನೋಡುತ್ತಿದ್ದಳು.

“ಗಾಳಿ ಎಲ್ಲಿಂದ ಬತ್ತಾ ಅದೆ ಮಗ?” ಅಂದಳು.

“ಗಾಳಿಯಾ? ಯಾವ ಗಾಳಿ ಅಜ್ಜಿ?”

“ಮತ್ತೆ ಕೈ ಯಾಕೆ ಅಡ್ಡ ಹಿಡ್ದವ್ಳೆ? ಸುಮ್ನೆ ಹಿಡ್ದವ್ಳಾ? ಗಾಳಿ ಬೀಸ್ತಾ ಅದೆ ಕನ. ಬಾಗ್ಲು ತೆರ್ದದೆ.”

ನಾನು ಆ ಚಿತ್ರವನ್ನು ಅಷ್ಟರಲ್ಲಿ ನಾಲ್ಕು ಸಲ ನೋಡಿದ್ದೆ. ಗಾಳಿಯ ಬಗ್ಗೆ ಒಂದು ಸಲವೂ ಯೋಚಿಸಿರಲಿಲ್ಲ. ಇನ್ನೂ ನೋಡೋಣ ಅಂತ ಮುಂದೆ ಬಗ್ಗಿದೆ. ಅಜ್ಜಿ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದಳು.

“ಸರ್ಕೊಂಡು ನಿಂತ್ಕೊ ಮಗ, ಹಿಂದ್ಲೋರ್ಗೆ ಕಾಣಾಕಿಲ್ಲ.”